ಎಡಗಡೆಯ ಅರ್ಧ ಮನೆ

ನೋಂದಣಿ ಕಚೇರಿಯ ಎದುರು ಸಾಲಿನಲ್ಲಿ, ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಕೂರುತ್ತಿದ್ದವರನ್ನು ಊರೆಲ್ಲ ಮೇಷ್ಟ್ರು ಎನ್ನುತ್ತಿತ್ತು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಅವರದು ಪತ್ರ ಬರೆಯುವ ಕಸುಬು. ಕ್ರಯಪತ್ರ, ಪಾಲುಪತ್ರ, ಉಯಿಲು, ಜೊತೆಗೆ ನನ್ನ ಪರವಾಗಿ ಇವರು ಸಹಿ ಹಾಕಬಹುದು ಎಂದು ಬರೆದುಕೊಡುವ ಮುಖ್ತ್ಯಾರ್ ಪತ್ರ. ಬರೆಸಲು ಬಂದವರನ್ನು ಮೊದಲು ಚೆನ್ನಾಗಿ ಬೈದು, ಆಮೇಲೆ ಬುದ್ಧಿ ಹೇಳಿ, ಕೊನೆಗೆ ಬರೆದುಕೊಡುತ್ತಿದ್ದರು. ಹೆಸರು ಬಂದದ್ದು ಆ ಬೈಗುಳದಿಂದ.

ಅವರಿಗೆ ಎರಡು ಹೆಮ್ಮೆಗಳಿದ್ದವು. ನಲವತ್ತು ವರ್ಷದಲ್ಲಿ ಅವರು ಬರೆದ ಒಂದೇ ಒಂದು ಪತ್ರಕ್ಕೂ ತಿದ್ದುಪಡಿ ಪತ್ರ ಮಾಡಿಸಬೇಕಾಗಿ ಬಂದಿರಲಿಲ್ಲ. ಹಾಗೆಯೇ, ಬರೆಯುವ ಮನೆಯನ್ನು ಅವರು ಒಂದು ದಿನವೂ ಹೋಗಿ ನೋಡಿರಲಿಲ್ಲ. "ಹೋಗಿ ನೋಡೋದು ಸರಿಯಾಗಿ ಕೇಳೋಕೆ ಬರದವರ ಕೆಲಸ" ಎನ್ನುವರು. ಮನೆಯ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೆ ಏನಿದೆ ಎಂಬ ವಿವರ, ಅವರಿಗೆ ಕುರ್ಚಿಯಲ್ಲಿ ಕೂತಲ್ಲೇ ಸಿಗಬೇಕು. ಹಳೆಯ ಪತ್ರದಲ್ಲಿ ರಸ್ತೆ ಯಾವ ದಿಕ್ಕಿಗಿದೆ ಎಂದು ನೋಡಿಕೊಳ್ಳುವರು. ಬಳಿಕ ಕಣ್ಣು ಮುಚ್ಚಿ, "ಬಾಗಿಲಿಂದ ಆಚೆ ಬಂದು ನಿಂತ್ಕೊಳ್ಳಿ. ಎಡಗಡೆ ಏನಿದೆ? ಬಲಗಡೆ ಏನಿದೆ?" ಎಂದು ಕೇಳುವರು. ಬಂದವರು ಎದುರಿನ ಕುರ್ಚಿಯ ಮೇಲೆ ಕೂತೇ ತಮ್ಮ ಮನೆಯಿಂದ ಆಚೆ ಬರಬೇಕು. ಎರಡು ಉತ್ತರ ಸಿಕ್ಕರೆ ಸಾಕು, ಮೇಷ್ಟ್ರಿಗೆ ಇಡೀ ಬೀದಿ ಕಣ್ಣಿಗೆ ಕಟ್ಟುತ್ತಿತ್ತು.

ಈ ಸಾಧನೆಗಾಗಿ ಪತ್ರ ಬರಹಗಾರರ ಸಂಘ ಆ ಶನಿವಾರ ಅವರನ್ನು ಸನ್ಮಾನಿಸುವುದಿತ್ತು. 'ತಿದ್ದುಪಡಿ ಇಲ್ಲದ ನಲವತ್ತು ವರ್ಷ' ಎಂದು ಕೆತ್ತಿಸಿದ ಫಲಕ ತಯಾರಾಗಿತ್ತು. ಎರಡು ಮೇಜಿನಾಚೆ ಕೂರುವ ಸಂಘದ ಕಾರ್ಯದರ್ಶಿ ಅದನ್ನು ಪೇಪರು ಸುತ್ತಿ ಡ್ರಾಯರಿನಲ್ಲಿಟ್ಟಿದ್ದ. ದಿನಕ್ಕೆ ಎರಡು ಸಲವಾದರೂ ಮೇಷ್ಟ್ರು ಯಾವುದೋ ನೆಪ ತೆಗೆದು ಆ ಕಡೆ ಹೋಗಿ ಡ್ರಾಯರಿನತ್ತ ಒಂದು ನೋಟ ಹಾಕಿ ಬರುತ್ತಿದ್ದರು. ಮನುಷ್ಯನಿಗೆ ಅಷ್ಟು ಆಸೆ ಇದ್ದರೆ ತಪ್ಪೇನೂ ಇಲ್ಲ.

ಮಂಗಳವಾರ ಬೆಳಿಗ್ಗೆ ಟೈಲರಮ್ಮ ಬಂದರು. ಎಪ್ಪತ್ತರ ಹತ್ತಿರದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು, ಕುಪ್ಪಸದ ಅಂಚಿನಲ್ಲಿ ನಾಲ್ಕು ಗುಂಡುಪಿನ್ನು. ಇಪ್ಪತ್ತಾರು ವರ್ಷದ ಹಿಂದೆ, ಅವರ ತಾಯಿ ತೀರಿಕೊಂಡಾಗ, ಅಕ್ಕ ತಂಗಿ ಇಬ್ಬರಿಗೂ ಮನೆಯನ್ನು ಎರಡು ಭಾಗ ಮಾಡಿ ಪಾಲುಪತ್ರ ಬರೆದುಕೊಟ್ಟವರು ಇದೇ ಮೇಷ್ಟ್ರು. ಆವತ್ತಿನಿಂದ ಅಕ್ಕ ತಂಗಿಗೆ ಮಾತಿಲ್ಲ. ನಡುವೆ ಒಂದು ಇಟ್ಟಿಗೆಯ ಗೋಡೆ ಅಷ್ಟೇ.

"ಉಯಿಲು ಬರೀಬೇಕು ಮೇಷ್ಟ್ರೇ. ನಾನಿರೋ ಅರ್ಧ ಮನೆ ನನ್ನ ತಂಗಿ ಮಗಳಿಗೆ."

"ತಂಗಿ ಆಗಲ್ಲ, ತಂಗಿ ಮಗಳು ಆಗ್ತಾಳಾ?"

"ಅವಳ ತಾಯಿ ಬುದ್ಧಿ ಅವಳಿಗೆ ಬಂದಿಲ್ಲ. ಔಷಧಿ ಅಂಗಡೀಲಿ ಕೆಲಸ, ನಿಂತು ನಿಂತು ಕಾಲು ಸೋತಿರುತ್ತೆ. ಆದ್ರೂ ನಂಗೆ ಜ್ವರ ಬಂದು ಮಲಗಿದಾಗೆಲ್ಲ, ಹೇಳಿ ಕಳಿಸದೆ ಇದ್ರೂ ಬಂದು ನಿಂತಿರ್ತಾಳೆ. ಹೇಗೆ ಗೊತ್ತಾಗುತ್ತೋ ಏನೋ." ಟೈಲರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಆದ್ರೆ ಒಂದು ಷರತ್ತು. ನಾನು ಹೋದ್ಮೇಲೂ ನನ್ನ ತಂಗಿ ಆ ಮನೆ ಹೊಸಿಲು ದಾಟಕೂಡದು. ದಾಟಿದ ದಿನವೇ ಮನೆ ಅನಾಥಾಲಯಕ್ಕೆ ಹೋಗ್ಬೇಕು."

ಷರತ್ತು ಎಂದರೆ ಮೇಷ್ಟ್ರಿಗೆ ಎಲ್ಲಿಲ್ಲದ ಹುರುಪು. ಕನ್ನಡಕ ಏರಿಸಿ, "ಯಾವ ಕಾರಣಕ್ಕೂ, ಯಾವ ನೆಪದಿಂದಲೂ, ಕ್ಷಣಕಾಲವಾದರೂ" ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತ ಟೈಪು ಮಾಡಿದರು. ಟೈಲರಮ್ಮನಿಗೆ 'ಕ್ಷಣಕಾಲ' ಬಹಳ ಹಿಡಿಸಿತು.

"ಈಗ ಬಾಗಿಲಿಂದ ಆಚೆ ಬಂದು ನಿಂತ್ಕೊಳ್ಳಿ. ನಿಮ್ಮ ಭಾಗ ಎಡಗಡೇದೋ ಬಲಗಡೇದೋ?"

"ಎಡಗಡೆ."

ರಸ್ತೆ ಉತ್ತರಕ್ಕೆ. ಉತ್ತರಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಪಶ್ಚಿಮ. ಮೇಷ್ಟ್ರು 'ಪಶ್ಚಿಮದ ಅರ್ಧ ಭಾಗ' ಎಂದು ಬರೆದರು. ಹಳೆಯ ಪಾಲುಪತ್ರ ತೆಗೆದು ನೋಡಿದರು, ಅಲ್ಲೂ ಅಕ್ಕನಿಗೆ ಪಶ್ಚಿಮ, ತಂಗಿಗೆ ಪೂರ್ವ. ಇಪ್ಪತ್ತಾರು ವರ್ಷವಾದರೂ ಒಂದು ಅಕ್ಷರ ಅಲ್ಲಾಡಿಲ್ಲ ಎಂದು ಒಳಗೊಳಗೇ ಬೀಗಿದರು.

"ನಕ್ಷೆ ತಂದಿದ್ದೀರಾ? ಈಗ ಕಚೇರೀಲಿ ಹೊಸ ಹುಚ್ಚು, ಪ್ರತಿ ಪತ್ರದ ಜೊತೆ ಮೇಲಿಂದ ತೆಗೆದ ನಕ್ಷೆ ಇರ್ಬೇಕಂತೆ."

ಟೈಲರಮ್ಮ ಚೀಲದಿಂದ ಒಂದು ಹಾಳೆ ತೆಗೆದುಕೊಟ್ಟರು. ಮೊಬೈಲ್ ಅಂಗಡಿಯವನು ಅವರ ಮನೆಗೇ ಬಂದು, ಮಷೀನಿನ ಪಕ್ಕ ನಿಂತು, ಫೋನಿನಲ್ಲಿ ಗುರುತು ಮಾಡಿ ಮುದ್ರಿಸಿ ಕೊಟ್ಟದ್ದು. ಮೇಲೆ ಉತ್ತರದ ಬಾಣ, ಬಾಣದ ಬುಡದಲ್ಲಿ ರಸ್ತೆ, ರಸ್ತೆಯ ಕೆಳಗೆ ಮನೆಯ ಚಾವಣಿ. ಟೈಲರಮ್ಮನ ಮಷೀನಿನ ಜಾಗದಲ್ಲಿ ಕೆಂಪು ಚುಕ್ಕೆ. ಚುಕ್ಕೆ ಇದ್ದದ್ದು ಬಲಗಡೆ, ಪೂರ್ವದ ಭಾಗದಲ್ಲಿ.

ಮೇಷ್ಟ್ರು ಹಾಳೆಯನ್ನು ತಿರುಗಿಸಿ ನೋಡಿದರು. ಬಾಣವೂ ತಿರುಗಿತು. ಕನ್ನಡಕ ಒರೆಸಿಕೊಂಡು ನೋಡಿದರು. ಚುಕ್ಕೆ ಪೂರ್ವದಲ್ಲೇ ಇತ್ತು.

ಕಾಗದದ ಪ್ರಕಾರ ಟೈಲರಮ್ಮ ಇಪ್ಪತ್ತಾರು ವರ್ಷದಿಂದ ತಂಗಿಯ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು, ತಂಗಿ ಅಕ್ಕನ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಅದಕ್ಕಿಂತ ಕೆಟ್ಟದ್ದು ಈಗಷ್ಟೇ ಟೈಪಾದ ಉಯಿಲು. ಟೈಲರಮ್ಮ ತಂಗಿಯ ಮಗಳಿಗೆ ಕೊಡುತ್ತಿದ್ದ ಪಶ್ಚಿಮದ ಅರ್ಧದಲ್ಲಿ ಆ ಮಗಳ ತಾಯಿಯೇ ವಾಸವಾಗಿದ್ದಳು. ಟೈಲರಮ್ಮ ಕಣ್ಣು ಮುಚ್ಚಿದ ಮಾರನೆಯ ದಿನ ತಂಗಿ ತನ್ನ ಅಡುಗೆಮನೆಯಲ್ಲಿ ಕಾಲಿಟ್ಟರೆ ಸಾಕು, ಷರತ್ತು ಮುರಿದು ಮನೆ ಅನಾಥಾಲಯದ ಪಾಲು. ತಾಯಿ ಮಗಳಿಬ್ಬರೂ ಬೀದಿಗೆ. ಅದೂ ಕ್ಷಣಕಾಲದಲ್ಲಿ.

"ಏನಾಯ್ತು ಮೇಷ್ಟ್ರೇ, ಬೆವರ್ತಿದ್ದೀರಾ."

"ಏನಿಲ್ಲಮ್ಮ, ಸೆಕೆ. ಇದಕ್ಕೆ ಇನ್ನೊಂದು ಸಣ್ಣ ಕಾಗದ ಬೇಕಾಗುತ್ತೆ. ಗುರುವಾರ ನಾನೇ ಮನೆಗೆ ತಂದುಕೊಡ್ತೀನಿ."

ನಲವತ್ತು ವರ್ಷದಲ್ಲಿ ಮೇಷ್ಟ್ರು ಯಾರ ಮನೆಗೂ ಬರುತ್ತೇನೆ ಎಂದವರಲ್ಲ. ಟೈಲರಮ್ಮ ಅವರನ್ನೇ ಒಂದು ಸಲ ದಿಟ್ಟಿಸಿ ನೋಡಿ ಎದ್ದು ಹೋದರು.

ತಪ್ಪು ಒಪ್ಪಿಕೊಂಡು ತಿದ್ದುಪಡಿ ಪತ್ರ ಬರೆಯುವುದು ನೇರವಾದ ದಾರಿ. ಅದಕ್ಕೆ ಅಕ್ಕ ತಂಗಿ ಒಟ್ಟಿಗೆ ಬಂದು ಸಹಿ ಹಾಕಬೇಕು, ಪತ್ರದಲ್ಲಿ 'ಬರಹಗಾರರ ಕೈತಪ್ಪಿನಿಂದ' ಎಂದು ಬರೆಯಬೇಕು. ಡ್ರಾಯರಿನಲ್ಲಿರುವ ಫಲಕದ ಕಥೆ ಅಲ್ಲಿಗೆ ಮುಗಿಯಿತು. ಮೇಷ್ಟ್ರು ಬುಧವಾರವಿಡೀ ಯಾರನ್ನೂ ಬೈಯದೆ ಕೂತು ಯೋಚಿಸಿದರು. ಬೈಗುಳ ತಿನ್ನಲು ಸಿದ್ಧರಾಗಿ ಬಂದ ಮೂರು ಜನ ಅವರಿಗೆ ಹುಷಾರಿಲ್ಲವೇನೋ ಎಂದು ವಿಚಾರಿಸಿಕೊಂಡು ಹೋದರು.

ಸಂಜೆಯ ಹೊತ್ತಿಗೆ ಉಪಾಯ ಹೊಳೆಯಿತು. ತಿದ್ದುಪಡಿ ಬೇಡ, ಅದಲುಬದಲು ಪತ್ರ ಸಾಕು. ನನ್ನ ಪಶ್ಚಿಮ ನಿನಗೆ, ನಿನ್ನ ಪೂರ್ವ ನನಗೆ ಎಂದು ಹೊಸದಾಗಿ ಬದಲಾಯಿಸಿಕೊಂಡರೆ ತಪ್ಪಿನ ಮಾತೇ ಬರುವುದಿಲ್ಲ. ಅದಕ್ಕೂ ಇಬ್ಬರ ಸಹಿ ಬೇಕಲ್ಲ? ಇಬ್ಬರಿಂದಲೂ ಬೇರೆ ಬೇರೆಯಾಗಿ ಒಂದೊಂದು ಮುಖ್ತ್ಯಾರ್ ಪತ್ರ ಬರೆಸಿಕೊಂಡು, ಅಕ್ಕನ ಪರವಾಗಿಯೂ ತಂಗಿಯ ಪರವಾಗಿಯೂ ತಾವೇ ಸಹಿ ಹಾಕಿಬಿಡುವುದು. ಯಾರಾದರೂ ಬಂದು ಇಂಥ ಉಪಾಯ ಹೇಳಿದ್ದರೆ ಮೇಷ್ಟ್ರು ಅವರನ್ನು ಮೆಟ್ಟಿಲ ಕೆಳಗಿನಿಂದ ಬೀದಿಯವರೆಗೆ ಬೈದು ಅಟ್ಟುತ್ತಿದ್ದರು. ಈಗ ಅದು ತಮ್ಮದೇ ಆದದ್ದರಿಂದ ಬಹಳ ನಾಜೂಕಾಗಿ ಕಂಡಿತು.

ಗುರುವಾರ ಹತ್ತು ಗಂಟೆಗೆ ಮೇಷ್ಟ್ರು ಎರಡು ಮುಖ್ತ್ಯಾರ್ ಪತ್ರ ಹಿಡಿದು ಆ ಬೀದಿಗೆ ಹೋದರು. ಮನೆ ಸುಲಭವಾಗಿ ಸಿಕ್ಕಿತು. ಬಾಗಿಲು ಸಿಗಲಿಲ್ಲ. ಅಂದರೆ ಬಾಗಿಲೇನೋ ನಡುಮಧ್ಯ ಇತ್ತು, ಆದರೆ ಅದರ ಮುಂದಿನ ಮೆಟ್ಟಿಲಲ್ಲಿ ಹುಲ್ಲು ಬೆಳೆದಿತ್ತು, ಚಿಲಕದ ಮೇಲೆ ಜೇಡ ಸಂಸಾರ ಹೂಡಿತ್ತು. ತಟ್ಟಿದರೆ ಒಳಗೆ ಕಬ್ಬಿಣ ತಟ್ಟಿದ ಸದ್ದು.

"ಅದು ತೆಗೆಯಲ್ಲ, ಹಿಂದುಗಡೆ ಓಣಿಯಿಂದ ಹೋಗಿ" ಎಂದಳು ದಾರಿಯಲ್ಲಿ ಹೋಗುತ್ತಿದ್ದ ಹೆಂಗಸು.

ಮೇಷ್ಟ್ರು ಮನೆಯನ್ನು ಸುತ್ತಿ ಹಿಂದಿನ ಓಣಿಗೆ ಬಂದರು. ಅಲ್ಲಿ ಅಕ್ಕಪಕ್ಕದಲ್ಲಿ ಎರಡು ಹಿಂಬಾಗಿಲು. ಬಾಗಿಲಿಗೆ ಬೆನ್ನು ಕೊಟ್ಟು ಓಣಿಗೆ ಮುಖ ಮಾಡಿ ನಿಂತುಕೊಂಡರು. ಬಿಸಿಲು ನೋಡಿದರು. ಎಡಗಡೆ ಪೂರ್ವವಿತ್ತು. ಅಕ್ಕ ಹೇಳಿದ್ದರಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. ಅವರು ಆಚೆ ಬರುತ್ತಿದ್ದ ಬಾಗಿಲೇ ಬೇರೆ. ಮೇಷ್ಟ್ರು ಎಂದೂ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ, ಯಾವ ಬಾಗಿಲು ಎಂದು.

ಮೊದಲು ಬಲಗಡೆಯ ಬಾಗಿಲು ತಟ್ಟಿದರು. ತಂಗಿ ಮೂವತ್ತು ವರ್ಷ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಊರಿಗೆ ಲೈಬ್ರರಿಯಮ್ಮ. ಆಕೆ ಜೀವಮಾನದಲ್ಲಿ ದನಿ ಏರಿಸಿದವಳಲ್ಲ. ಮನೆಯ ಸಾಸಿವೆ ಡಬ್ಬಿಗೂ ನಂಬರಿನ ಚೀಟಿ ಅಂಟಿಸಿದ್ದಳು. ಚಾವಣಿಯ ಮೂಲೆಯಿಂದ ಸೋರಿದ ನೀರಿನ ಕಲೆ ಗೋಡೆಯ ಅರ್ಧದವರೆಗೆ ಇಳಿದಿತ್ತು.

"ಸಣ್ಣ ಕಾಗದಮ್ಮ, ಒಂದು ಸಹಿ ಸಾಕು" ಎಂದರು ಮೇಷ್ಟ್ರು.

"ಇಟ್ಟುಹೋಗಿ, ಓದ್ತೀನಿ" ಎಂದಳು ಲೈಬ್ರರಿಯಮ್ಮ ಪಿಸುದನಿಯಲ್ಲಿ. ಕಾಗದದ ಮೂಲೆಗೆ ತಾರೀಖು ಬರೆದು, ಅಂಗಡಿಗೆ ಎರಡು ದಿನ ರಜೆ ಹಾಕಿದ್ದ ಮಗಳು ಕೂತಿದ್ದ ಮೇಜಿನ ಮೇಲಿಟ್ಟಳು.

ಎಡಗಡೆಯ ಬಾಗಿಲಲ್ಲಿ ಟೈಲರಮ್ಮ ಮಷೀನು ತುಳಿಯುವುದನ್ನು ನಿಲ್ಲಿಸಿ ಎದ್ದರು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಅರೆಹೊಲಿದ ಕುಪ್ಪಸಗಳು. ಮಷೀನಿನ ಎದುರಿನ ಗೋಡೆಗೆ ಅಂಟಿಸಿದ್ದ ಹಾಳೆ ಮೇಷ್ಟ್ರ ಕಣ್ಣಿಗೆ ಬಿತ್ತು. 'ಮನೆ ಇರುವವರಿಗೆ ಹತ್ತು ಮಾತು' ಎಂಬ ಆ ಹಾಳೆಯನ್ನು ಬಂದವರಿಗೆಲ್ಲ ಪುಕ್ಕಟೆ ಹಂಚುತ್ತಿದ್ದವರು ಅವರೇ.

ಟೈಲರಮ್ಮ ಮುಖ್ತ್ಯಾರ್ ಪತ್ರವನ್ನು ಒಂದು ಸಲ ಓದಿದರು. ಎರಡನೇ ಸಲ ಬೆರಳಿಟ್ಟು ಓದಿದರು. ಆಮೇಲೆ ಎದ್ದು ಹೋಗಿ ಗೋಡೆಯ ಹಾಳೆಯ ಮುಂದೆ ನಿಂತರು.

"ನಾಲ್ಕನೇ ಮಾತು, ಎರಡು ಸಲ ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಓದಿದೆ. ಐದನೇ ಮಾತು, ಮುಖ್ತ್ಯಾರ್ ಬರೆದುಕೊಡಿ ಅಂತ ತಾನಾಗಿ ಮನೆಬಾಗಿಲಿಗೆ ಬಂದವನಿಗೆ ಯಾವತ್ತೂ ಬರೆದುಕೊಡಬೇಡಿ, ಅವನು ಸ್ವಂತ ಅಣ್ಣನಾಗಿದ್ದರೂ." ಅವರು ತಿರುಗಿ ನೋಡಿದರು. "ನೀವು ನನ್ನ ಅಣ್ಣನೂ ಅಲ್ಲ. ಮನೇನ ಯಾರ ಜೊತೆ ಅದಲುಬದಲು ಮಾಡ್ತೀರಾ ಮೇಷ್ಟ್ರೇ? ನನ್ನ ತಂಗಿ ನಿಮ್ಮನ್ನ ಕಳಿಸಿದ್ಲಾ?"

ಅಷ್ಟರಲ್ಲಿ ಹಿಂಬಾಗಿಲಿನಿಂದ ತಂಗಿಯ ಮಗಳು ಒಳಗೆ ಬಂದಳು. ಅವಳ ಕೈಯಲ್ಲಿ ಅದೇ ಬಗೆಯ ಇನ್ನೊಂದು ಕಾಗದ.

"ದೊಡ್ಡಮ್ಮ, ಅಮ್ಮ ಕೇಳು ಅಂದ್ಳು. ಇವರನ್ನ ನೀವು ಕಳಿಸಿದ್ರಾ ಅಂತ."

ಎರಡೂ ಕಾಗದಗಳು ಮಷೀನಿನ ಹಲಗೆಯ ಮೇಲೆ ಅಕ್ಕಪಕ್ಕ ಬಿದ್ದವು. ಪೂರ್ವ ಇದ್ದಲ್ಲಿ ಪಶ್ಚಿಮ, ಪಶ್ಚಿಮ ಇದ್ದಲ್ಲಿ ಪೂರ್ವ, ಉಳಿದದ್ದೆಲ್ಲ ಒಂದೇ. ಇಬ್ಬರ ಪರವಾಗಿಯೂ ಸಹಿ ಹಾಕುವವರು ಮೇಷ್ಟ್ರೇ. ಔಷಧಿ ಅಂಗಡಿಯಲ್ಲಿ ಎಂಥೆಂಥ ಕೆಟ್ಟ ಅಕ್ಷರವನ್ನೋ ಓದಿ ಪಳಗಿದ ಹುಡುಗಿ, ಅರೆಗಳಿಗೆಯಲ್ಲಿ ಎಲ್ಲ ಅರ್ಥ ಮಾಡಿಕೊಂಡು, "ನಮ್ಮಿಬ್ಬರ ಮನೆ ಕಾಗದದಲ್ಲಿ ಅದಲಿ ಬದಲಿ ಆಗಿದೆಯಾ?" ಎಂದಳು.

ಮೇಷ್ಟ್ರಿಗೆ ಸುಳ್ಳು ಹೇಳುವುದು ಬರುತ್ತಿತ್ತು. ಹೇಳಿ ಅಭ್ಯಾಸವಿರಲಿಲ್ಲ ಅಷ್ಟೇ. ಅವರು ಮುಕ್ಕಾಲಿಯ ಮೇಲೆ ಕುಸಿದು ಕೂತು, ನಕ್ಷೆ, ಎಡಗಡೆ, ಹಿಂಬಾಗಿಲು, ಶನಿವಾರದ ಫಲಕ, ಎಲ್ಲವನ್ನೂ ಹೇಳಿಬಿಟ್ಟರು. ಉಯಿಲಿನ ಷರತ್ತಿನಿಂದ ಏನಾಗುತ್ತಿತ್ತು ಎಂಬುದನ್ನೂ ಹೇಳಿದರು. ನಾಚಿಕೆಯಾಗಿತ್ತು ಅವರಿಗೆ, ನಿಜವಾಗಿಯೂ.

ನಿಧಾನವಾಗಿ ಟೈಲರಮ್ಮನ ಮುಖ ಅರಳಿತು.

"ಅಂದ್ರೆ ಕಾಗದದ ಲೆಕ್ಕದಲ್ಲಿ ಅವಳಿರೋದು ನನ್ನ ಮನೆ."

"ಹೌದಮ್ಮ. ಆದ್ರೆ ನೀವಿರೋದು..."

ಆ ಅರ್ಧ ಮಾತು ಅವರ ಕಿವಿಗೆ ಬೀಳಲಿಲ್ಲ. ಒಳಗಿನ ಕೋಣೆಗೆ ನುಗ್ಗಿ, ಇಬ್ಬರೂ ಬಳಸದೆ ಬಿಟ್ಟಿದ್ದ ಮುಂದಿನ ಹಜಾರದ ಕಡೆಗಿದ್ದ ಬಾಗಿಲ ಅಗುಳಿ ಎಳೆದರು. ಇಪ್ಪತ್ತಾರು ವರ್ಷದ ತುಕ್ಕು ಕಿರುಗುಟ್ಟಿತು. ಕತ್ತಲೆಯ ಹಜಾರದ ಆಚೆ ಬದಿಯ ಬಾಗಿಲು ಆಗಲೇ ತೆರೆದಿತ್ತು. ಗೋಡೆ ಒಂದೇ ಇಟ್ಟಿಗೆಯದು, ಲೈಬ್ರರಿಯಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇಬ್ಬರ ನಡುವೆ, ಮುಂಬಾಗಿಲಿಗೆ ಅಡ್ಡವಾಗಿ, ಆಳೆತ್ತರದ ಕಬ್ಬಿಣದ ಬೀರು ನಿಂತಿತ್ತು.

"ನನ್ನ ಮನೆ ಚಾವಣಿ ಸೋರ್ತಾ ಇದೆಯಂತೆ" ಎಂದು ಟೈಲರಮ್ಮ ಶುರುಹಚ್ಚಿಕೊಂಡರು. "ಹತ್ತು ವರ್ಷದಿಂದ ರಿಪೇರಿ ಮಾಡಿಸದೆ ನನ್ನ ಮನೇನ ಹಾಳುಗೆಡವಿದ್ದೀಯ."

"ನನ್ನ ಗೋಡೆಗೆ ಮೊಳೆ ಎಷ್ಟು ಹೊಡೆದಿದ್ದೀಯ ನೀನು?" ಲೈಬ್ರರಿಯಮ್ಮ ಪಿಸುಗುಟ್ಟಿದಳು. "ಒಂದೊಂದನ್ನೂ ಕೇಳಿಸಿಕೊಂಡಿದ್ದೀನಿ. ನೂರ ಹದಿನಾಲ್ಕು."

"ನನ್ನ ಅಡುಗೆಮನೇಲಿ ಸಾಸಿವೆ ಡಬ್ಬಿಗೆ ಚೀಟಿ ಅಂಟಿಸ್ತಾಳೆ ಇವಳು."

"ನನ್ನ ನೆಲಕ್ಕೆ ಅಷ್ಟು ಕೆಟ್ಟ ಬಣ್ಣದ ಟೈಲ್ಸು ಹಾಕಿಸು ಅಂತ ಯಾರು ಹೇಳಿದ್ರು ನಿಂಗೆ?"

ಮೇಷ್ಟ್ರು ಬಾಗಿಲಲ್ಲಿ ನಿಂತು ಬೆರಗಾಗಿ ನೋಡುತ್ತಿದ್ದರು. ಜನ ತಮ್ಮ ಮನೆಗಾಗಿ ಜಗಳವಾಡುವುದನ್ನು ಅವರು ನಲವತ್ತು ವರ್ಷ ನೋಡಿದ್ದರು. ತಾವಿಲ್ಲದ ಮನೆಯ ಮೇಲೆ ಇಷ್ಟು ಅಕ್ಕರೆ ತೋರಿಸಿದವರನ್ನು ಕಂಡಿರಲಿಲ್ಲ. ಅಕ್ಕ ಕೂಗುತ್ತಿದ್ದರು, ತಂಗಿ ಪಿಸುಗುಟ್ಟುತ್ತಿದ್ದಳು, ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಬೀರುವಿಗೆ ಹೇಳುವಂತೆ ಹೇಳುತ್ತಿದ್ದರು.

"ನಿನ್ನ ಮಗಳೊಬ್ಬಳು ಇಲ್ಲದೆ ಹೋಗಿದ್ರೆ" ಎಂದರು ಟೈಲರಮ್ಮ, "ಜ್ವರ ಬಂದಾಗ ನಾನು ಆ ಮಷೀನಿನ ಪಕ್ಕದಲ್ಲೇ ಹೆಣವಾಗಿ ಬಿದ್ದಿರ್ತಿದ್ದೆ. ಒಂದು ದಿನ ಬಂದು ನೋಡಿದೀಯಾ ನೀನು?"

ಲೈಬ್ರರಿಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಬೆಳಿಗ್ಗೆ ಒಂಬತ್ತಕ್ಕೆ ನಿನ್ನ ಮಷೀನಿನ ಸದ್ದು ಶುರುವಾಗ್ಬೇಕು" ಎಂದಳು. "ಶುರುವಾಗ್ದೆ ಇದ್ರೆ ಇವಳನ್ನ ಕಳಿಸ್ತಿದ್ದೆ. ಇವಳಿಗೆ ಹೇಗೆ ಗೊತ್ತಾಗ್ತಿತ್ತು ಅಂದ್ಕೊಂಡಿದ್ದೆ? ಇವಳು ಎಂಟೂವರೆಗೆ ಅಂಗಡಿಗೆ ಹೋಗೋಳು. ಫೋನು ಮಾಡಿ ವಾಪಸ್ಸು ಕರೆಸ್ತಿದ್ದೆ."

ಟೈಲರಮ್ಮ ಹುಡುಗಿಯ ಮುಖ ನೋಡಿದರು. ಹುಡುಗಿ ನೆಲ ನೋಡಿದಳು.

ಕೊನೆಗೆ ಮೇಷ್ಟ್ರೇ, ಏನಾದರೂ ಹೇಳಬೇಕಲ್ಲ ಎಂದು, "ಈ ಬೀರು ಇಲ್ಯಾಕಿದೆ?" ಎಂದು ಕೇಳಿದರು.

ಹುಡುಗಿ ಹೇಳಿದಳು. ಅಜ್ಜಿ ತೀರಿಕೊಂಡ ವಾರ ದೊಡ್ಡಮ್ಮ ಅದನ್ನು ತಮ್ಮ ಕಡೆಗೆ ಸಾಗಿಸಲು ಇಬ್ಬರು ಹಮಾಲಿಗಳನ್ನು ಕರೆಸಿದ್ದರು. ಹಜಾರಕ್ಕೆ ಬರುವಷ್ಟರಲ್ಲಿ ಅಮ್ಮ ಬೇಡ ಎಂದಳು. ಒಬ್ಬರು ಎತ್ತಿ ಎಂದರು, ಒಬ್ಬರು ಇಳಿಸಿ ಎಂದರು. ಹಮಾಲಿಗಳು ಅರ್ಧ ಗಂಟೆ ಹೊತ್ತು ನಿಂತು, ರೋಸಿಹೋಗಿ, ಅಲ್ಲೇ ಇಳಿಸಿ ಹೋದರು. ತೀರ್ಮಾನವಾಗುವವರೆಗೆ ಅದು ಅಲ್ಲೇ ಇರಲಿ ಎಂದಾಯಿತು. ಆಮೇಲೆ ಗೋಡೆ ಬಂತು, ಪಾಲುಪತ್ರ ಬಂತು. ಬೀರು ಮಾತ್ರ ಕದಲಲಿಲ್ಲ.

"ಒಳಗೆ ಏನಿದೆ?"

"ಏನಿಲ್ಲ" ಎಂದರು ಟೈಲರಮ್ಮ.

"ಖಾಲಿ" ಎಂದಳು ಲೈಬ್ರರಿಯಮ್ಮ. "ಆವತ್ತೂ ಖಾಲೀನೇ."

ಮೇಷ್ಟ್ರು ಅಂಗಿಯ ತೋಳು ಮಡಚಿದರು. ಅವರೊಂದು ಕಡೆ, ಹುಡುಗಿ ಒಂದು ಕಡೆ ತಳ್ಳಿದರು. ಬೀರು ಕದಲದಿದ್ದಾಗ ಅಕ್ಕ ತಂಗಿಯೂ ಭುಜ ಕೊಟ್ಟರು, ಇವಳು ಸರಿಯಾಗಿ ತಳ್ಳುತ್ತಿಲ್ಲ ಎಂದು ಒಬ್ಬರ ಮೇಲೊಬ್ಬರು ದೂರು ಹೇಳುತ್ತಲೇ. ನೆಲದಲ್ಲಿ ಎರಡು ಗೀರು ಬಿಟ್ಟುಕೊಂಡು ಅದು ಗೋಡೆಗೆ ಸರಿಯಿತು. ಬಾಗಿಲು ತೆರೆದಾಗ ಹಜಾರಕ್ಕೆ ಬೆಳಕು ಬಂತು, ಜೊತೆಗೆ ಜೇಡನ ಸಂಸಾರವೂ ಬಂತು.

ಮೇಷ್ಟ್ರು ಹುಲ್ಲು ಬೆಳೆದ ಮೆಟ್ಟಿಲ ಮೇಲೆ ರಸ್ತೆಗೆ ಮುಖ ಮಾಡಿ ನಿಂತರು. ಎಡಗಡೆ ತಂಗಿಯ ಭಾಗ, ಬಲಗಡೆ ಅಕ್ಕನ ಭಾಗ. ಇಷ್ಟು ನೋಡಲು ಅವರಿಗೆ ಇಪ್ಪತ್ತಾರು ವರ್ಷ ಹಿಡಿದಿತ್ತು.

ಶುಕ್ರವಾರ ಹನ್ನೊಂದಕ್ಕೆ ಅಕ್ಕ ತಂಗಿ ಇಬ್ಬರೂ ಮೆಟ್ಟಿಲ ಕೆಳಗೆ ಬಂದು, ನಡುವೆ ಹುಡುಗಿಯನ್ನು ಕೂರಿಸಿಕೊಂಡು ಕೂತರು. ಸುದ್ದಿ ಆಗಲೇ ಎರಡು ಮೇಜು ದಾಟಿತ್ತು. ಕಾರ್ಯದರ್ಶಿ ಮೇಷ್ಟ್ರನ್ನು ಕಂಬದ ಹಿಂದೆ ಕರೆದ.

"ಸೋಮವಾರ ರಿಜಿಸ್ಟರ್ ಮಾಡಿಸಿ ಮೇಷ್ಟ್ರೇ. ಇಪ್ಪತ್ತಾರು ವರ್ಷ ತಡೆದಿದೆ, ಮೂರು ದಿನ ತಡೆಯಲ್ವಾ? ಶನಿವಾರದ ಮಟ್ಟಿಗೆ ನೀವು ತಪ್ಪೇ ಮಾಡಿಲ್ಲ. ಕಾಗದ ಇಲ್ದೆ ತಪ್ಪು ಎಲ್ಲಿಂದ ಬರುತ್ತೆ?"

ಮಾತು ಕಾನೂನಿಗೆ ಸರಿಯಾಗಿಯೇ ಇತ್ತು. ಮೇಷ್ಟ್ರ ಮನಸ್ಸು ಡ್ರಾಯರಿನ ಕಡೆ ಹೋಯಿತು, ಹೋಗದೆ ಇರುವಷ್ಟು ದೊಡ್ಡ ಮನುಷ್ಯರು ಅವರಲ್ಲ. ಅವರು ವಾಪಸ್ಸು ಬಂದು, "ಸೋಮವಾರ ಆದ್ರೆ ಆಗ್ಬಹುದಾ?" ಎಂದರು.

ಲೈಬ್ರರಿಯಮ್ಮ ಬಹಳ ಹೊತ್ತು ಯೋಚಿಸಿದಳು.

"ಇವತ್ತು ಬೆಳಿಗ್ಗೆ ಬೀರು ಯಾರ ಕಡೆ ಇಡೋದು ಅಂತ ಮಾತು ಬಂತು" ಎಂದಳು. "ಸೋಮವಾರದ ಹೊತ್ತಿಗೆ ನಾವಿಬ್ರೂ ಒಟ್ಟಿಗೆ ಬರ್ತೀವಿ ಅಂತ ನಾನು ಹೇಳಲಾರೆ."

"ನಾನೂ ಹೇಳಲ್ಲ" ಎಂದರು ಟೈಲರಮ್ಮ.

ಅಕ್ಕ ತಂಗಿ ಇಪ್ಪತ್ತಾರು ವರ್ಷದಲ್ಲಿ ಒಮ್ಮತಕ್ಕೆ ಬಂದ ಮೊದಲ ವಿಷಯ ಅದು. ಹುಡುಗಿ ಮೇಷ್ಟ್ರನ್ನೇ ನೋಡುತ್ತಿದ್ದಳು. ಬೀದಿಗೆ ಬೀಳಬೇಕಾಗಿದ್ದವಳು ಅವಳು. ಮೇಷ್ಟ್ರು ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡು ಜೀವನದಲ್ಲೇ ಮೊದಲ ಸಲ 'ತಿದ್ದುಪಡಿ ಪತ್ರ' ಎಂದು ತಲೆಬರಹ ಹೊಡೆದರು. ಬೆರಳಿಗೆ ಅಭ್ಯಾಸವಿಲ್ಲದೆ ಅದರಲ್ಲೂ ಒಂದು ಅಕ್ಷರ ತಪ್ಪಾಯಿತು, ಅಳಿಸಿ ಹೊಡೆದರು.

ಕಾರಣದ ಜಾಗ ಬಂದಾಗ, "ಬರಹಗಾರರು ಸ್ವತ್ತನ್ನು ಖುದ್ದಾಗಿ ನೋಡದೆ ಬರೆದದ್ದರಿಂದ" ಎಂದು ಬರೆದು ಓದಿ ಹೇಳಿದರು.

"ಅಷ್ಟೇನಾ?" ಎಂದಳು ಲೈಬ್ರರಿಯಮ್ಮ. "ನಾವು ಮುಂಬಾಗಿಲು ತೆಗೀದೆ ಇದ್ದದ್ದು?"

"ಅದು ಮನೆ ವಿಷಯ, ಸರ್ಕಾರಿ ಕಾಗದದಲ್ಲಿ ಯಾಕೆ?" ಎಂದರು ಟೈಲರಮ್ಮ.

"ತಪ್ಪು ಇವರೊಬ್ಬರದ್ದೇ ಅಂತ ಬರೆದ್ರೆ ಸುಳ್ಳು ಬರೆದ ಹಾಗಾಗುತ್ತೆ ಅಕ್ಕ."

ಅಕ್ಕ ಎಂಬ ಮಾತು ಅಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ, ಹೇಳಿದವಳೂ ನಿರೀಕ್ಷಿಸಿರಲಿಲ್ಲ. ಟೈಲರಮ್ಮ ಕೊರಳಿನ ಟೇಪನ್ನು ತೆಗೆದು ಸುತ್ತತೊಡಗಿದರು, ಸುತ್ತಿ ಮುಗಿದ ಮೇಲೆ ಮತ್ತೆ ಬಿಚ್ಚಿದರು. "ಸರಿ, ಹಾಕಿ" ಎಂದರು.

ನೋಂದಣಿ ಅಧಿಕಾರಿ ಪತ್ರವನ್ನು ಜೋರಾಗಿ ಓದಿದ. "ಬರಹಗಾರರು ಸ್ವತ್ತನ್ನು ಖುದ್ದಾಗಿ ನೋಡದೆ ಬರೆದದ್ದರಿಂದಲೂ, ಪಕ್ಷಗಾರರು ತಮ್ಮ ತಮ್ಮಲ್ಲಿ ಮಾತು ಬಿಟ್ಟು ಮುಂಬಾಗಿಲು ತೆರೆಯದೆ ಇದ್ದದ್ದರಿಂದಲೂ..." ಅವನು ತಲೆಯೆತ್ತಿ ಮೂವರನ್ನೂ ನೋಡಿದ. ಇಂಥ ಕಾರಣ ಬರೆಯಬಾರದು ಎಂಬ ನಿಯಮ ಇದೆಯೇ ಎಂದು ಪುಸ್ತಕ ತಿರುವಿದ. ಇರಲಿಲ್ಲ. ಅಕ್ಕ ಸಹಿ ಹಾಕಿದರು, ತಂಗಿ ಹಾಕಿದಳು, ಬರೆದವರ ಜಾಗದಲ್ಲಿ ಮೇಷ್ಟ್ರು ಹಾಕಿದರು. ಮುದ್ರೆ ಬಿತ್ತು.

ಕಾರ್ಯದರ್ಶಿ ಸನ್ಮಾನವನ್ನು ರದ್ದು ಮಾಡುವ ಮನುಷ್ಯನಲ್ಲ. ಕುರ್ಚಿ, ಶಾಮಿಯಾನ ಎಲ್ಲ ಹೇಳಿಯಾಗಿತ್ತು. ಮೂರು ವರ್ಷದ ಹಿಂದೆ ಪರವಾನಗಿ ಪಡೆದು, ಅವತ್ತಿನಿಂದ ಜೆರಾಕ್ಸ್ ಮಾತ್ರ ಮಾಡಿಕೊಂಡಿದ್ದ ಸದಸ್ಯನೊಬ್ಬ ಅವನ ನೆನಪಿಗೆ ಬಂದ. ಆತ ಬರೆದ ಒಂದು ಪತ್ರಕ್ಕೂ ತಿದ್ದುಪಡಿ ಬಂದಿರಲಿಲ್ಲ, ಆತ ಪತ್ರವನ್ನೇ ಬರೆದಿರಲಿಲ್ಲ. ಫಲಕದ 'ನಲವತ್ತು' ಎಂಬುದರ ಮೇಲೆ ಸಂಜೆಯೊಳಗೆ 'ಮೂರು' ಎಂಬ ಪಟ್ಟಿ ಅಂಟಿತು.

ಮೇಷ್ಟ್ರು ತಮ್ಮ ಮೇಜಿಗೆ ಮರಳಿದಾಗ ಅಲ್ಲಿ ಏಳು ಜನ ಕಾಯುತ್ತಿದ್ದರು. ಎಲ್ಲರ ಕೈಯಲ್ಲೂ ಹಳೆಯ ಪತ್ರ. ನಮ್ಮ ಮನೆಯನ್ನೂ ಒಂದು ಸಲ ಬಂದು ನೋಡಿ ಎಂದು ಎಲ್ಲರೂ ಕೇಳುತ್ತಿದ್ದರು. ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ಒಂದು ಹಾಳೆಯಲ್ಲಿ ಅವರ ವಿಳಾಸಗಳನ್ನು ಬರೆದುಕೊಂಡರು, ಪ್ರತಿ ವಿಳಾಸದ ಮುಂದೆ 'ಯಾವ ಬಾಗಿಲು?' ಎಂದು ಸೇರಿಸಿದರು.

ಟೈಲರಮ್ಮ ಇನ್ನೂ ಹೋಗಿರಲಿಲ್ಲ. ತಂಗಿಯನ್ನೂ ಹುಡುಗಿಯನ್ನೂ ಮುಂದೆ ಕಳಿಸಿ, ಏಳು ಜನರನ್ನು ಸರಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತರು.

"ನನ್ನ ಉಯಿಲು?"

"ಅದನ್ನೂ ಸರಿ ಮಾಡ್ತೀನಮ್ಮ. ಪಶ್ಚಿಮ ಅಂತ ಇರೋದನ್ನ ಪೂರ್ವ ಮಾಡ್ತೀನಿ." ಮೇಷ್ಟ್ರು ಕಂಪ್ಯೂಟರ್ ತೆರೆಯ ಮೇಲೆ ಹಳೆಯ ಕರಡು ತೆಗೆದರು. "ಆ ಷರತ್ತು ತೆಗೆದುಬಿಡ್ಲಾ?"

"ಯಾಕೆ ತೆಗೀಬೇಕು?" ಟೈಲರಮ್ಮನ ದನಿ ಬಿಗಿಯಾಯಿತು. "ಒಂದು ಸಲ ಅಕ್ಕ ಅಂದ್ರೆ ಎಲ್ಲಾ ಮುಗಿದುಹೋಯ್ತಾ?"

ಟೈಲರಮ್ಮ ತೆರೆಯ ಮೇಲಿನ ಸಾಲನ್ನು ಒಂದು ಸಲ ಓದಿದರು. ಎರಡನೇ ಸಲ ಬೆರಳಿಟ್ಟು ಓದಿದರು. 'ಯಾವ ಕಾರಣಕ್ಕೂ, ಯಾವ ನೆಪದಿಂದಲೂ, ಕ್ಷಣಕಾಲವಾದರೂ ನನ್ನ ತಂಗಿಯು ಸದರಿ ಮನೆಯ ಹೊಸಿಲು ದಾಟಕೂಡದು.'

"ಹೊಸಿಲು ಅನ್ನೋದರ ಹಿಂದೆ ಒಂದು ಮಾತು ಸೇರಿಸಿ" ಎಂದರು. "ಹಿಂಬಾಗಿಲಿನ ಹೊಸಿಲು. ಕಳ್ಳಿ ಹಾಗೆ ಓಣಿಯಿಂದ ಬರಕೂಡದು ಅವಳು. ಬರೋದಿದ್ರೆ ಮುಂಬಾಗಿಲಿಂದ ಬರ್ಲಿ."

ಮೇಷ್ಟ್ರು ಸೇರಿಸಿದರು. ಮುಂಬಾಗಿಲು ಯಾವ ದಿಕ್ಕಿಗಿದೆ ಎಂದು ಅವರು ಕೇಳಲಿಲ್ಲ, ಅದನ್ನು ಅವರು ನೋಡಿದ್ದರು.